ಹನೀನ್‌ಗೆ ಅರ್ಥವಾಯಿತು

ದುಮ್ಯಾತ್,
ಅಕ್ಟೋಬರ್ ೧೪, ಮಂಗಳವಾರ

ನನ್ನ ಕಣ್ಣಿನ ಬೆಳಕೇ, ಮಗನೇ ರಾಫತ್,

ಹೇಗಿದ್ದೀಯಪ್ಪಾ? ಮೂತ್ರಪಿಂಡದ ಕಲ್ಲು ಮತ್ತೆ ಕಾಟ ಕೊಟ್ಟಿತಂತೆ, ಮೇಲಿನ ಮಹಡಿಯ ಶೌಕಿ ಹೇಳಿದ. ನೀನಂತೂ ನನಗೆ ಹೇಳಲಿಲ್ಲ. ಕುವೈತಿನ ಆ ಸೆಕೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಸೋಫಾ ಅಂಗಡಿಯ ಏಸಿ ಕೆಳಗೆ ಕೂತು, ನೀರು ಮುಟ್ಟದೆ ಟೀ ಮೇಲೆ ಟೀ ಕುಡಿದರೆ ಕಲ್ಲಾಗದೆ ಇನ್ನೇನಾಗುತ್ತದೆ? ಬಾರ್ಲಿ ಬೇಯಿಸಿದ ನೀರು ಕುಡಿ. ನಿಂಬೆಹಣ್ಣು ಹಿಂಡಿಕೋ. ನನಗೆ ಮೊಣಕಾಲು ಬಿಟ್ಟರೆ ಉಳಿದದ್ದೆಲ್ಲ ಸರಿಯಾಗಿದೆ, ದೇವರ ದಯೆ. ಶೌಕಿ ಶುಕ್ರವಾರ ಕುವೈತಿಗೆ ವಾಪಸು ಹೊರಡುತ್ತಾನೆ. ಅವನ ಕೈಯಲ್ಲಿ ಒಂದು ಡಬ್ಬ ಉಪ್ಪು ಚೀಸು, ಪೇಟೆ ಬೀದಿಯ ಜಿಲೇಬಿ ಒಂದು ಪೊಟ್ಟಣ, ಜೊತೆಗೆ ಈ ಪತ್ರ ಕಳಿಸುತ್ತಿದ್ದೇನೆ. ಸಿಟ್ಟು ಬೇರೆ, ಚೀಸು ಬೇರೆ. ಮೊದಲು ಚೀಸು ತಿಂದುಬಿಡು. ಪತ್ರ ಓದಿದ ಮೇಲೆ ಅದು ಗಂಟಲಲ್ಲಿ ಇಳಿಯಲಿಕ್ಕಿಲ್ಲ.

ಫೋನಿರುವಾಗ ಈ ಮುದುಕಿಗೆ ಪತ್ರದ ಹುಚ್ಚು ಯಾಕೆ ಹಿಡಿಯಿತು ಎಂದು ನಗಬೇಡ. ಫೋನಿನಲ್ಲಿ ನಾನು ಹನೀನ್ ಹೆಸರೆತ್ತಿದರೆ ಸಾಕು, “ಅಮ್ಮಾ, ಲೈನ್ ಸರಿಯಾಗಿ ಕೇಳಿಸ್ತಿಲ್ಲ, ಆಮೇಲೆ ಮಾಡ್ತೀನಿ” ಎನ್ನುತ್ತೀಯ. ಚೀಸಿನ ಬೆಲೆ ಕೇಳುವಾಗ ಚೆನ್ನಾಗಿ ಕೇಳಿಸುವ ಲೈನು ಮಗಳ ಹೆಸರು ಬಂದ ತಕ್ಷಣ ಹೇಗೆ ಕೆಡುತ್ತದೋ ನನಗೆ ಇವತ್ತಿಗೂ ತಿಳಿದಿಲ್ಲ. ಕಾಗದ ಹಾಗೆ ಕೆಡುವುದಿಲ್ಲ. ಬೇಕಾದರೆ ಹರಿದು ಹಾಕು, ಆದರೆ ಹರಿಯುವುದಕ್ಕೂ ಒಮ್ಮೆ ಕೈಗೆತ್ತಿಕೊಳ್ಳಬೇಕಲ್ಲ.

ಐದು ವರ್ಷದವಳಿದ್ದಾಗ ಹನೀನ್ ಹೇಗಿದ್ದಳು ಎಂಬುದು ನಿನಗೆ ನೆನಪಿದೆಯಲ್ಲವೇ? ನೆನಪಿದೆ, ನನಗೆ ಗೊತ್ತು, ಅದೇ ನಿನ್ನ ಕಷ್ಟ. ನಿಮ್ಮಪ್ಪ ಆಗ ಇದ್ದರು. ಅವರ ಅಂಗಡಿಯಲ್ಲಿ ಸೋಫಾ ಬಟ್ಟೆಯ ಸುರುಳಿಗಳ ಮೇಲೆ ಕೂತು ಈ ಪುಟಾಣಿ ಗಿರಾಕಿಗಳನ್ನು ಮಾತಾಡಿಸುತ್ತಿತ್ತು. ಒಂದು ಸಲ ಪೋರ್ಟ್ ಸಯೀದಿನಿಂದ ಬಂದ ದಪ್ಪ ಮನುಷ್ಯನಿಗೆ, “ಹಾಜಿಯವರೇ, ಇದು ನಿಮಗಲ್ಲ ಬಿಡಿ, ಇದು ಶ್ರೀಮಂತರು ತಗೊಳ್ಳೋ ಬಟ್ಟೆ” ಎಂದು ಹೇಳಿತು; ಆತ ರೋಷದಿಂದ ಅದೇ ಬಟ್ಟೆಯನ್ನು ಇಡೀ ಮನೆಗಾಗುವಷ್ಟು ಕತ್ತರಿಸಿಕೊಂಡು ಹೋದ. ನಿಮ್ಮಪ್ಪ ನಗು ತಡೆಯಲಾರದೆ ಹಿಂದಿನ ಕೋಣೆಗೆ ಓಡಿದ್ದರು. ಆಮೇಲೆ ಬೆಳಗಿನ ವಾಂತಿ ಶುರುವಾಯಿತು. ನಡೆಯುವಾಗ ಬಲಕ್ಕೆ ವಾಲತೊಡಗಿದಳು. ಬೀದಿಯವರು ಕಣ್ಣು ತಾಗಿದೆ ಎಂದರು. ಮನ್ಸೂರಾದ ಆಸ್ಪತ್ರೆಯವರು ತಲೆಯ ಹಿಂಭಾಗದಲ್ಲಿ ಗೆಡ್ಡೆ ಇದೆ, ಕೆಟ್ಟ ಜಾತಿಯದು ಎಂದರು. ನೀನು ಕುವೈತಿನ ಕೆಲಸ ಬಿಟ್ಟು ಓಡಿ ಬಂದೆ.

ಆ ವರ್ಷದ ನಿನ್ನನ್ನು ನಾನು ಮರೆತಿಲ್ಲ ರಾಫತ್. ಗೆಡ್ಡೆ ತೆಗೆದ ಮೇಲೆ ಅವಳಿಗೆ ಮಾತೇ ಹೊರಡದೆ ಹೋದಾಗ ನೀನು ಮಂಚದ ಪಕ್ಕ ಕೂತು ಅಂಗಡಿಯ ಗಿರಾಕಿಗಳೆಲ್ಲರ ದನಿ ಅನುಕರಿಸುತ್ತಿದ್ದೆ. ರೇಡಿಯೇಷನ್ ಕೊಡುವಾಗ ಮುಖಕ್ಕೆ ಬಿಗಿಯಾದ ಜಾಳಿಗೆಯಂಥ ಮುಸುಕು ಹಾಕಿ, ತಲೆ ಅಲ್ಲಾಡದಂತೆ ಮೇಜಿಗೆ ಕಟ್ಟುತ್ತಿದ್ದರು. ಬಾಗಿಲಾಚೆ ನಿಂತು ನೀನು ಮೈಕಿನಲ್ಲಿ ಕತೆ ಹೇಳುತ್ತಿದ್ದೆ. ಅವಳ ಕೂದಲು ಉದುರಿದ ದಿನ ನೀನೂ ತಲೆ ಬೋಳಿಸಿಕೊಂಡು ಬಂದೆ. ಎರಡು ಬೋಳು ತಲೆಗಳು ಒಂದೇ ತಟ್ಟೆಯಲ್ಲಿ ಅನ್ನ ತಿನ್ನುವುದನ್ನು ಕಂಡು ಇಡೀ ವಾರ್ಡಿನ ತಾಯಂದಿರು ಕಣ್ಣೊರೆಸಿಕೊಂಡರು. ಗುಣವಾಗಿದೆ ಎಂದು ಡಾಕ್ಟರು ಹೇಳಿದಾಗ ನಮ್ಮ ಬೀದಿಯಲ್ಲಿ ಶರಬತ್ತು ಹಂಚಿದೆ, ಗುರುತಿಲ್ಲದವರ ಕೈಗೂ ಲೋಟ ಕೊಟ್ಟೆ. ಇದನ್ನೆಲ್ಲ ಹೇಳುತ್ತಿರುವುದು ನಿನ್ನನ್ನು ಹೊಗಳಲಿಕ್ಕಲ್ಲ. ಸಾಯಬಹುದಾದ ಮಗಳಿಗೆ ನಿನ್ನಂಥ ಅಪ್ಪ ಊರಲ್ಲಿ ಇನ್ನೊಬ್ಬನಿರಲಿಲ್ಲ. ಬದುಕಿ ಉಳಿದ ಮಗಳಿಗೆ ಮಾತ್ರ ನೀನು ಅಪ್ಪನಾಗಲಿಲ್ಲ.

ಶರಬತ್ತು ಹಂಚಿ ನೀನು ವಿಮಾನ ಹತ್ತಿದೆ. ಮಗು ಶಾಲೆಗೆ ಹೋಯಿತು. ಆಮೇಲಿನದನ್ನು ಕಂಡವರು ನಾನು ಮತ್ತು ನಿನ್ನ ಹೆಂಡತಿ ಶಾದಿಯಾ. ಮೊದಲ ವರ್ಷ ಏನೂ ಅನಿಸಲಿಲ್ಲ, ದಣಿದಿದ್ದಾಳೆ ಎಂದುಕೊಂಡೆವು. ನಂತರ ನೋಡುತ್ತ ನೋಡುತ್ತ ಉಳಿದ ಮಕ್ಕಳು ಮುಂದೆ ಹೋದರು. ಸಂಜೆ ಪಾಠ ಒಪ್ಪಿಸುತ್ತಾಳೆ, ಬೆಳಿಗ್ಗೆ ಅದರ ಗುರುತೇ ಇರುವುದಿಲ್ಲ. ಕಾಯಿಲೆಗೆ ಮೊದಲು ಕಲಿತ ಹಾಡುಗಳೆಲ್ಲ ಒಂದಕ್ಷರ ತಪ್ಪದೆ ಬರುತ್ತವೆ, ಮೊನ್ನೆ ಕಲಿತದ್ದು ಬರುವುದಿಲ್ಲ. ಅಂಗಡಿಗೆ ಕಳಿಸಿದರೆ ಎರಡು ಸಾಮಾನು ತರುತ್ತಾಳೆ, ಮೂರನೆಯದು ಹೇಳಿದರೆ ಮೊದಲನೆಯದು ಬಿದ್ದುಹೋಗುತ್ತದೆ. ಬೋರ್ಡಿನಿಂದ ಅರ್ಧ ಸಾಲು ಇಳಿಸಿಕೊಳ್ಳುವಷ್ಟರಲ್ಲಿ ಮೇಷ್ಟ್ರು ಒರೆಸಿಬಿಡುತ್ತಾರೆ. ಔಷಧಿಯಿಂದ ಎಡಗಿವಿಯೂ ಮಂದವಾಗಿದೆ, ಎಡಗಡೆ ಕೂತವರು ಕರೆದರೆ ಕೇಳಿಸುವುದಿಲ್ಲ, ಮಕ್ಕಳು ಅಹಂಕಾರ ಎನ್ನುತ್ತಾರೆ. ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸುವುದು ಅವಳ ನಗು. ಮೆಟ್ಟಿಲ ಮೇಲೆ ಹುಡುಗಿಯರೆಲ್ಲ ಕೂತು ಏನೋ ತಮಾಷೆ ಮಾಡುತ್ತಾರೆ, ಎಲ್ಲರೂ ನಕ್ಕು ಮುಗಿಸಿ ಬೇರೆ ಮಾತಿಗೆ ಹೋದ ಮೇಲೆ ಇವಳು ಒಬ್ಬಳೇ ಗಟ್ಟಿಯಾಗಿ ನಗುತ್ತಾಳೆ. ಆಗ ಅವರು ಇನ್ನೊಮ್ಮೆ ನಗುತ್ತಾರೆ, ಈ ಸಲ ಅವಳನ್ನು ನೋಡಿ. ಈಗ ಅವರು ಮೆಟ್ಟಿಲ ಮೇಲೆ ಕೂರುವುದಿಲ್ಲ. ಮಹಡಿಯ ಮೇಲೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ.

ನೀನು ಫೋನಿನಲ್ಲಿ ಏನು ಹೇಳಿಕೊಂಡು ಬಂದೆ? “ಸೋಮಾರಿ ಆಗಿದಾಳೆ. ಶಾದಿಯಾ ಮುದ್ದು ಮಾಡಿ ಮಾಡಿ ಹಾಳು ಮಾಡಿದಾಳೆ.” ನಿನ್ನ ಚಿಕ್ಕಪ್ಪನ ಮನೆಯವರಿಗೂ ಅದನ್ನೇ ಹೇಳಿದೆ. ಮದುವೆಮನೆಯಲ್ಲಿ, ಸಾವಿನ ಮನೆಯಲ್ಲಿ, ಎಲ್ಲಿ ಸಿಕ್ಕರೂ ನಿನ್ನ ಚಿಕ್ಕಮ್ಮ ಶಾದಿಯಾಳ ಕೈ ಹಿಡಿದು, “ಕಾಯಿಲೆ ಮಗು ಅಂತ ಎಷ್ಟು ದಿನ ತಲೆ ಮೇಲೆ ಕೂರಿಸ್ಕೊಳ್ತೀಯಮ್ಮಾ? ಎರಡು ಏಟು ಹಾಕು, ಸರಿಹೋಗ್ತಾಳೆ” ಎನ್ನುವುದು. ಆ ಹೆಣ್ಣು ಏನು ಮಾಡಲಿಲ್ಲ ಹೇಳು? ಒಂದು ಟ್ಯೂಷನ್ ಸಾಲದೆಂದು ಇನ್ನೊಂದಕ್ಕೆ ಕಳಿಸಿದಳು. ಅಡುಗೆಮನೆಯ ಗೋಡೆಗೆಲ್ಲ ಪದಗಳನ್ನು ಬರೆದು ಅಂಟಿಸಿ, ಈರುಳ್ಳಿ ಹುರಿಯುತ್ತ ಓದಿಸಿದಳು. ಮಗು ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಹೋದರೆ ಎಬ್ಬಿಸಿ ಮುಖ ತೊಳೆಸಿ ಮತ್ತೆ ಕೂರಿಸಿದಳು, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ನೀರು ಸುಮ್ಮನೆ ಹರಿಯುವುದು ನನಗೆ ಕೇಳಿಸುತ್ತಿತ್ತು.

ಆಗಸ್ಟಿನಲ್ಲಿ ನೀನು ಬಂದೆ. ಹೊರಡುವ ಹಿಂದಿನ ದಿನ ಚಿಕ್ಕಪ್ಪನ ಮನೆಯವರನ್ನೆಲ್ಲ ಊಟಕ್ಕೆ ಕರೆದಿದ್ದೆವು. ನಾನು ಬಾತುಕೋಳಿಯ ಹೊಟ್ಟೆಗೆ ಈರುಳ್ಳಿ ತುಂಬಿ ಬೇಯಿಸಿದ್ದೆ. ಚಿಕ್ಕಪ್ಪನ ಮೊಮ್ಮಗ ಜಿಯಾದ್ ತನ್ನ ಶಾಲೆಯ ಬಹುಮಾನದ ಸುದ್ದಿ ತೆಗೆದ. ಅವನದೇನು ತಪ್ಪು, ಎಂಟು ವರ್ಷದ ಹುಡುಗ. ನಿನ್ನ ಮುಖ ಬಿಗಿಯಾದದ್ದನ್ನು ನಾನು ನೋಡಿದೆ. ಹನೀನ್ ಕಡೆ ತಿರುಗಿ, “ಏಳೆಂಟ್ಲ ಎಷ್ಟು?” ಎಂದೆ. ಅವಳು ಚಮಚ ಕೆಳಗಿಟ್ಟು ಯೋಚಿಸಿದಳು. “ಹೇಳು, ಏಳೆಂಟ್ಲ ಎಷ್ಟು? ಆರನೇ ಕ್ಲಾಸಿಗೆ ಹೋಗ್ತೀಯ ನೀನು.” ಜಿಯಾದ್ ಉತ್ತರ ಹೇಳಿಬಿಟ್ಟ. ನೀನು ಇನ್ನೊಂದು ಕೇಳಿದೆ. ಶಾದಿಯಾ, “ಬಿಡಿ, ಊಟ ಮಾಡ್ಲಿ” ಎಂದರೂ ಬಿಡಲಿಲ್ಲ. ಆಗ ನೀನು ಕೈ ಚೆಲ್ಲಿ, ನಿನ್ನ ಚಿಕ್ಕಪ್ಪನಿಗೆ ಹೇಳುವವನಂತೆ ಎಲ್ಲರಿಗೂ ಕೇಳಿಸುವ ಹಾಗೆ ಅಂದೆ: “ನೋಡಿದ್ರಲ್ಲ? ಇದಕ್ಕೋಸ್ಕರಾನಾ ನಾನು ಅವಳನ್ನ ಉಳಿಸ್ಕೊಂಡಿದ್ದು?”

ಹನೀನ್ ನಕ್ಕಳು. ಎಲ್ಲರೂ ತನ್ನನ್ನೇ ನೋಡುತ್ತಿದ್ದರಲ್ಲ, ಏನೋ ತಮಾಷೆ ಆಗಿರಬೇಕು, ಈ ಸಲವಾದರೂ ಹೊತ್ತಿಗೆ ಸರಿಯಾಗಿ ನಗೋಣ ಎಂದುಕೊಂಡಿರಬೇಕು. ರಾತ್ರಿ ನಾನು ನಿನ್ನನ್ನು ಬಾಲ್ಕನಿಗೆ ಕರೆದು ಬೈದಾಗ ನೀನು ಸಿಗರೇಟು ಹಚ್ಚಿಕೊಂಡು, “ಅವಳಿಗೆಲ್ಲಿ ಅರ್ಥ ಆಗತ್ತೆ ಬಿಡಮ್ಮಾ, ನಗ್ತಾ ಇದ್ಲಲ್ಲ” ಎಂದೆ. ಬೆಳಿಗ್ಗೆ ಅವಳ ಹಣೆಗೆ ಮುತ್ತಿಟ್ಟು ಹೊರಟುಹೋದೆ.

ಅವಳಿಗೆ ಅರ್ಥವಾಯಿತು ರಾಫತ್. ನಿನ್ನ ವಿಮಾನ ಇಳಿದು, ನೀನು ಅಂಗಡಿಯ ಬೀಗ ತೆಗೆದು, ನಿನ್ನ ದಿನಗಳು ಮೊದಲಿನಂತೆ ನಡೆಯತೊಡಗಿದ ಮೇಲೆ ಅರ್ಥವಾಯಿತು. ನಾನೂ ಅವಳೂ ಅಡುಗೆಮನೆಯ ನೆಲದ ಮೇಲೆ ಕೂತು ದ್ರಾಕ್ಷಿ ಎಲೆಗೆ ಅಕ್ಕಿ ತುಂಬಿ ಸುತ್ತುತ್ತಿದ್ದೆವು. ನಾನು ಹತ್ತು ಸುತ್ತುವಷ್ಟರಲ್ಲಿ ಅವಳು ಒಂದನ್ನು ಸುತ್ತುತ್ತಾಳೆ, ಆದರೆ ಅದನ್ನು ಎಷ್ಟು ಕುದಿಸಿದರೂ ಒಂದು ಅಗುಳು ಹೊರಬರುವುದಿಲ್ಲ. ಕೈಯಲ್ಲಿದ್ದ ಎಲೆಯನ್ನು ಹಾಗೇ ಹಿಡಿದುಕೊಂಡು ಕೇಳಿದಳು, “ಅಜ್ಜೀ, ಬಾಬಾ ‘ಇದಕ್ಕೋಸ್ಕರಾನಾ’ ಅಂದ್ರಲ್ಲ.” ನಾನು ಯಾವಾಗ, ಏನು ಎಂದು ಗೊತ್ತಿಲ್ಲದವಳಂತೆ ಮಾಡಿದೆ. “ಅವತ್ತು, ಬಾತುಕೋಳಿ ಮಾಡಿದ್ದೆಯಲ್ಲ, ಆವಾಗ.” ಆಮೇಲೆ ಆ ಎಲೆಯನ್ನೇ ಮಡಿಸುತ್ತ ಬಿಡಿಸುತ್ತ ಕೂತಳು. ನಾನು ಮರೆತಳು ಎಂದುಕೊಂಡು ಒಳಗೊಳಗೇ ಸಮಾಧಾನಪಟ್ಟೆ. ಆಗ ಎಲೆ ಕೆಳಗಿಟ್ಟು ನನ್ನ ಮುಖ ನೋಡಿ ಕೇಳಿದಳು, “‘ಇದು’ ಅಂದ್ರೆ ನಾನಾ?”

ನೀನು ಅಲ್ಲಿದ್ದಿದ್ದರೆ ಏನು ಹೇಳುತ್ತಿದ್ದೆ? ನಾನು ಅವಳನ್ನು ಎದೆಗೆ ಒತ್ತಿಕೊಂಡು, ನಿಮ್ಮ ಬಾಬಾ ಕತ್ತೆ, ಕತ್ತೆಗಳ ಮಾತನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ ಎಂದೆ. ಅವಳು ನಗಲಿಲ್ಲ. ಮರುದಿನವೂ ನಗಲಿಲ್ಲ. ಎಲ್ಲವನ್ನೂ ಮರೆಯುವ ಈ ಹುಡುಗಿ ನಿನ್ನ ಆ ಒಂದು ಮಾತನ್ನು ಮಾತ್ರ ಮರೆಯಲಿಲ್ಲ.

ಗೆಡ್ಡೆ ಮತ್ತೆ ಬಂತೇನೋ ಎಂದು ಹೆದರಿ ಶಾದಿಯಾ ಅವಳನ್ನು ಮನ್ಸೂರಾಕ್ಕೆ ಕರೆದುಕೊಂಡು ಹೋಗಲು ಹೊರಟಳು, ನಾನೂ ಜೊತೆಗೆ ಹೋದೆ. ಡಾಕ್ಟರ್ ಮನಾರ್ ನೆನಪಿರಬೇಕು, ಆಗ ಅವಳನ್ನು ನೋಡುತ್ತಿದ್ದ ಕನ್ನಡಕದ ಹೆಂಗಸು. ಈಗ ತಲೆಗೂದಲು ಬೆಳ್ಳಗಾಗಿದೆ. ಹನೀನ್‌ಳನ್ನು ಬೇರೆ ಕೋಣೆಗೆ ಕಳಿಸಿ ಬಣ್ಣದ ಕಟ್ಟಿಗೆ ತುಂಡು, ಅಂಕಿ, ಚಿತ್ರ ಏನೇನೋ ಕೊಟ್ಟು ಮಧ್ಯಾಹ್ನದವರೆಗೆ ಪರೀಕ್ಷೆ ಮಾಡಿಸಿದರು. ನಂತರ ನಮ್ಮನ್ನು ಕೂರಿಸಿ ನಿಧಾನವಾಗಿ ಹೇಳಿದರು. ಗೆಡ್ಡೆ ತಿರುಗಿ ಬಂದಿಲ್ಲ, ಹೆದರಬೇಡಿ. ಆದರೆ ಗೆಡ್ಡೆಯನ್ನು ಸುಟ್ಟ ರೇಡಿಯೇಷನ್ ಇಡೀ ಎಳೆಯ ಮೆದುಳಿನ ಮೂಲಕ ಹಾದುಹೋಗಿದೆ. ಬೆಳೆಯುವ ವಯಸ್ಸಿನಲ್ಲಿ ಅದು ಮೆದುಳಿನೊಳಗಿನ ತಂತಿಗಳನ್ನು ಸವೆಸುತ್ತದೆ. “ಅವಳು ಹಿಂದಕ್ಕೆ ಹೋಗ್ತಿಲ್ಲ ಹಾಜಮ್ಮಾ. ಅವಳೂ ಮುಂದಕ್ಕೇ ಹೋಗ್ತಿದಾಳೆ. ಬೇರೆ ಮಕ್ಕಳು ಓಡ್ತಾರೆ, ಇವಳು ನಡೀತಾಳೆ. ಅದಕ್ಕೇ ವರ್ಷ ಕಳೆದ ಹಾಗೆ ನಡುವಿನ ದೂರ ಜಾಸ್ತಿ ಕಾಣ್ಸುತ್ತೆ. ಸೋಮಾರಿತನ ಅಲ್ಲ ಇದು. ಅವಳು ಬೇರೆ ಮಕ್ಕಳಿಗಿಂತ ಎರಡು ಪಟ್ಟು ದುಡೀತಿದಾಳೆ, ಅದಕ್ಕೇ ಅಷ್ಟು ಬೇಗ ಸುಸ್ತಾಗೋದು.” ಹೆಚ್ಚು ಹೊತ್ತು ಕೊಟ್ಟರೆ, ಒಂದೊಂದಾಗಿ ಹೇಳಿದರೆ, ಮುಂದಿನ ಬೆಂಚಿನಲ್ಲಿ ಬಲಗಿವಿ ಮೇಷ್ಟ್ರ ಕಡೆಗಿರುವಂತೆ ಕೂರಿಸಿದರೆ ಕಲಿಯುತ್ತಾಳೆ, ಎಲ್ಲವನ್ನೂ ಅಲ್ಲ, ಬಹಳಷ್ಟನ್ನು ಎಂದರು.

ಶಾದಿಯಾ ಕೇಳಿದಳು, “ಇದನ್ನ ಆವಾಗ್ಲೇ ಯಾಕೆ ಹೇಳ್ಲಿಲ್ಲ ಡಾಕ್ಟ್ರೇ ನಮಗೆ?” ಡಾಕ್ಟರಮ್ಮ ಕನ್ನಡಕ ತೆಗೆದು ಅವಳನ್ನು ನೋಡಿದರು. “ಹೇಳಿದ್ನಲ್ಲಮ್ಮಾ. ರೇಡಿಯೇಷನ್ ಶುರು ಮಾಡೋ ಮೊದಲು ತಂದೇನ ಇದೇ ಕುರ್ಚೀಲಿ ಕೂರಿಸಿ ಎಲ್ಲಾ ಹೇಳಿದ್ದೆ. ಆರು ತಿಂಗಳಾದ ಮೇಲೂ ಒಂದ್ಸಲ ಹೇಳಿದೆ, ಶಾಲೆಯವರಿಗೆ ತಿಳಿಸಿ ಅಂತ. ಅವರು ಮನೇಲಿ ಹೇಳ್ತೀನಿ ಅಂದಿದ್ರು.”

ಮೊದಲ ಸಲ ನೀನು ಏನು ಹೇಳಿದೆ ಎಂಬುದನ್ನೂ ಅವರೇ ಹೇಳಿದರು. “ಜೀವ ಉಳಿಸಿಕೊಡಿ, ಮಿಕ್ಕಿದ್ದು ನಾವು ನೋಡ್ಕೊಳ್ತೀವಿ” ಎಂದಿದ್ದೆಯಂತೆ. ಅದಕ್ಕೆ ನಾನು ನಿನ್ನನ್ನು ದೂರುವುದಿಲ್ಲ. ಯಾವ ತಂದೆಯಾದರೂ ಅದನ್ನೇ ಹೇಳುತ್ತಾನೆ, ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಅಂದು ಮನೆಯಲ್ಲಿ ಹೇಳದೆ ಇದ್ದದ್ದನ್ನೂ ಬೇಕಾದರೆ ಬಿಡೋಣ, ಹೆಂಡತಿ ಆಗಲೇ ಅರ್ಧ ಸತ್ತಿದ್ದಳು, ಹೇಳಲು ನಾಲಿಗೆ ಏಳಲಿಲ್ಲ ಎನ್ನೋಣ. ಆದರೆ ಆಮೇಲಿನ ಈ ಐದು ವರ್ಷ? ಗೊತ್ತಿದ್ದೂ ಗೊತ್ತಿದ್ದೂ ಮಗಳನ್ನು ಸೋಮಾರಿ ಎಂದೆಯಲ್ಲ, ಹೆಂಡತಿ ಹಾಳುಮಾಡಿದಳು ಎಂದು ಊರಿಗೆಲ್ಲ ಸಾರಿದೆಯಲ್ಲ, ಅದಕ್ಕೆ ಯಾವ ಹೆಸರಿಡಲಿ? ವಾಪಸು ಬರುವಾಗ ವ್ಯಾನಿನಲ್ಲಿ ಹನೀನ್ ನನ್ನ ತೊಡೆಯ ಮೇಲೆ ಮಲಗಿದ್ದಳು. ಶಾದಿಯಾ ಕಿಟಕಿಗೆ ತಲೆ ಆನಿಸಿ ಕೂತಿದ್ದಳು, ಅಳಲಿಲ್ಲ. ಊರು ಹತ್ತಿರ ಬಂದಾಗ ಒಂದೇ ಮಾತು ಕೇಳಿದಳು, “ಅವರಿಗೆ ಗೊತ್ತಿತ್ತಾ ಅತ್ತೆ?” ನಾನು ಇದ್ದಕ್ಕಿದ್ದಂತೆ ಡ್ರೈವರನನ್ನು, ಹೊಂಡ ನೋಡಿಕೊಂಡು ಓಡಿಸೋ ಎಂದು ಗದರಿದೆ.

ಈಗ ಶಾಲೆಯ ವಿಷಯ. ಮುಖ್ಯೋಪಾಧ್ಯಾಯಿನಿ ಕೆಟ್ಟವಳಲ್ಲ, ಸುಸ್ತಾದವಳು, ಒಂದೊಂದು ಕ್ಲಾಸಿನಲ್ಲಿ ಅರವತ್ತು ಮಕ್ಕಳು. ಡಾಕ್ಟರ ವರದಿ ನೋಡಿ, ಇಂಥ ಮಕ್ಕಳಿಗೆ ಬೇರೆ ಪ್ರಶ್ನೆಪತ್ರಿಕೆ, ಹೆಚ್ಚು ಸಮಯ, ಪಕ್ಕದಲ್ಲಿ ಕೂತು ಓದಿ ಹೇಳುವ ಸಹಾಯಕಿ ಎಲ್ಲ ಸಿಗುತ್ತದೆ, ಆ ಗುಂಪಿಗೆ ಸೇರಿಸೋಣ ಎಂದಳು. ಆದರೆ ಅರ್ಜಿಗೆ ತಂದೆಯ ರುಜು ಬೇಕು. ಶಾದಿಯಾ ಫೋನು ಮಾಡಿದಾಗ ನೀನು ಕಿರುಚಿದ್ದು ಪಕ್ಕದ ಕೋಣೆಯಲ್ಲಿದ್ದ ನನಗೂ ಕೇಳಿಸಿತು, ಅವತ್ತು ಲೈನು ಬಹಳ ಚೆನ್ನಾಗಿತ್ತು. “ನನ್ನ ಮಗಳ ಸರ್ಟಿಫಿಕೇಟಲ್ಲಿ ಬುದ್ಧಿಮಾಂದ್ಯ ಅಂತ ಬರೆಸ್ಬೇಕಾ? ನಾಳೆ ಯಾರು ಮದುವೆ ಆಗ್ತಾರೆ ಅವಳನ್ನ? ಶಾಲೆ ಬಿಡ್ಸು. ಮನೇಲಿದ್ದು ಅಡುಗೆ ಕಲೀಲಿ.” ಹನ್ನೊಂದು ವರ್ಷದ ಮಗುವಿಗೆ ಈಗಲೇ ಗಂಡನ ಚಿಂತೆ ಮಾಡುತ್ತಿದ್ದೀಯಲ್ಲ, ಇಂಥ ದೂರದೃಷ್ಟಿ ನಿನಗೆ ಆಸ್ಪತ್ರೆಯ ಕುರ್ಚಿಯಿಂದ ಎದ್ದು ಬರುವಾಗ ಎಲ್ಲಿ ಹೋಗಿತ್ತು? ಆ ಅರ್ಜಿಯಲ್ಲಿ ನೀನು ಹೇಳಿದ ಪದವೇ ಇಲ್ಲ. ನಾನೇ ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದಿದೆ. ‘ಚಿಕಿತ್ಸೆಯ ಪರಿಣಾಮದಿಂದ’ ಎಂದಿದೆ. ಆ ಪದವನ್ನು ಇಲ್ಲಿಯವರೆಗೆ ಬಾಯಲ್ಲಿ ಹೇಳಿದವನು ನೀನೊಬ್ಬನೇ.

ಈಗ ಹನೀನ್ ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ. ಟೀಚರು ಅವಳನ್ನು ಏನೂ ಕೇಳುವುದಿಲ್ಲ, ಬೋರ್ಡು ಒರೆಸಲು ಕರೆಯುತ್ತಾರೆ. ಒರೆಸಿ ಬಂದು ಕೂರುತ್ತಾಳೆ. ಮನೆಗೆ ಬಂದಾಗ ಅವಳ ತೋಳಿನ ತುಂಬ ಸೀಮೆಸುಣ್ಣದ ಪುಡಿ. ಈ ವರ್ಷ ಅವಳು ಕಲಿತದ್ದರ ಗುರುತು ಅಷ್ಟೇ. ಜನವರಿಯಲ್ಲಿ ಪರೀಕ್ಷೆ. ಅರ್ಜಿ ಅದಕ್ಕೆ ಮೊದಲೇ ಹೋಗಬೇಕು. ಹಾಗೆ ಹೋಗದಿದ್ದರೆ ಎಲ್ಲರಿಗೂ ಕೊಡುವ ಪ್ರಶ್ನೆಪತ್ರಿಕೆಯನ್ನೇ ಅವಳಿಗೂ ಕೊಡುತ್ತಾರೆ, ಎಲ್ಲರಿಗೂ ಕೊಟ್ಟಷ್ಟೇ ಹೊತ್ತು ಕೊಡುತ್ತಾರೆ, ಆಮೇಲೆ ಶಾಲೆ ಬಿಡಿಸಲು ನೀನು ಹೇಳಬೇಕಾಗಿಯೂ ಇಲ್ಲ.

ನಿನ್ನ ಮೇಲೆ ನನಗೆ ಸಿಟ್ಟಿದೆ, ಶಾಪವಿಲ್ಲ. ತಾಯಿಯ ಶಾಪ ತಟ್ಟುತ್ತದೆ ಎಂಬ ಭಯ ನಿನಗಿಂತ ನನಗೇ ಹೆಚ್ಚು. ದೇವರು ನಿನ್ನ ಕಲ್ಲನ್ನು ಕರಗಿಸಲಿ, ಮೂತ್ರಪಿಂಡದ್ದನ್ನೂ ಅದರ ಮೇಲೆ ಎದೆಯಲ್ಲಿರುವುದನ್ನೂ. ಊಟ ಬಿಡಬೇಡ. ಸಿಗರೇಟು ಕಡಿಮೆ ಮಾಡು. ಚೀಸಿನ ಡಬ್ಬ ಖಾಲಿಯಾದರೆ ತೊಳೆದು ಶೌಕಿಯ ಕೈಯಲ್ಲಿ ಕಳಿಸು, ಅಂಥ ಗಟ್ಟಿ ಡಬ್ಬ ಈಗ ಸಿಗುವುದಿಲ್ಲ. ಶಾದಿಯಾ ನಿನಗೆ ಏನೂ ತಿಳಿಸಲು ಹೇಳಲಿಲ್ಲ, ಆದ್ದರಿಂದ ಅವಳ ಕಡೆಯಿಂದ ಏನೂ ಬರೆಯುತ್ತಿಲ್ಲ. ಹನೀನ್ ನಿನ್ನೆ ಹಾಸಿಗೆಯಲ್ಲಿ, ಬಾಬಾಗೆ ಹೊಟ್ಟೆನೋವು ಹೋಯಿತಾ ಎಂದು ಕೇಳಿದಳು.

ನಿನ್ನ ಒಳಿತನ್ನೇ ಬೇಡುವ,
ನಿನ್ನ ಅಮ್ಮ
ಇನ್ಸಾಫ್

ತಾ.ಕ.: ಶೌಕಿ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ, ಚೀಲ ಇಂದೇ ತೂಗಿಸಬೇಕಂತೆ. ಮುಖ್ಯವಾದದ್ದನ್ನೇ ಬರೆದಿಲ್ಲ. ಮಗಳ ಓದಿನ ವಿಷಯದಲ್ಲಿ ರುಜು ಹಾಕುವ ಹಕ್ಕು ತನಗೆ ಕೊಡಿಸಬೇಕೆಂದು ಶಾದಿಯಾ ಕುಟುಂಬ ನ್ಯಾಯಾಲಯಕ್ಕೆ ಹೋಗಿದ್ದಾಳೆ. ಬರುವ ತಿಂಗಳ ಮೊದಲ ಸೋಮವಾರ ವಿಚಾರಣೆ. ಅಷ್ಟರೊಳಗೆ ನಿನ್ನ ರುಜು ಬಂದರೆ ಕೇಸು ಹಿಂದಕ್ಕೆ ತೆಗೆಯುತ್ತಾಳೆ, ಮಾತು ಕೊಟ್ಟಿದ್ದಾಳೆ. ಬಾರದಿದ್ದರೆ ನಾನು ಸಾಕ್ಷಿ ಹೇಳುತ್ತೇನೆ. ಬಾತುಕೋಳಿಯ ಊಟದ ದಿನ ನೀನಾಡಿದ ಮಾತನ್ನು ನೀನು ಹೇಳಿದ ಹಾಗೆಯೇ ಹೇಳುತ್ತೇನೆ. ಡಾಕ್ಟರು ನಿನಗೆ ಹೇಳಿದ್ದನ್ನೂ ಹೇಳುತ್ತೇನೆ. ಸಾಕ್ಷಿಗೆ ನಿಂತವರನ್ನು ನೀವು ಯಾರ ಕಡೆಯವರು ಎಂದು ಮೊದಲು ಕೇಳುತ್ತಾರಂತೆ, ವಕೀಲರು ನನಗೆ ಅಭ್ಯಾಸ ಮಾಡಿಸಿದರು. ಪ್ರತಿವಾದಿಯ ತಾಯಿ ಎಂದೆ. ವಕೀಲರು ಪೆನ್ನು ಕೆಳಗಿಟ್ಟು, ಇನ್ನೊಮ್ಮೆ ಹೇಳಿ ಎಂದರು. ಇನ್ನೊಮ್ಮೆ ಹೇಳಿದೆ.